ಕೊನೆಯ ಕಂತು ನೋಡದವನು

ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಬೇಕರಿ ಪಕ್ಕದ ಸಲೂನಿನವನು ಷಟರ್ ಎತ್ತಿ ಒಳಗೆ ಬಂದವನೇ ಮೊದಲು ಟೀವಿಯ ಪ್ಲಗ್ ಕಿತ್ತ. ಹಿಂದಿನ ರಾತ್ರಿ ‘ಲಿಫ್ಟ್ ಕೆಟ್ಟಿದೆ’ ಧಾರಾವಾಹಿಯ ಕೊನೆಯ ಕಂತು ಪ್ರಸಾರವಾಗಿತ್ತು. ಆರು ವರ್ಷ ಒಂದು ವಾರವೂ ತಪ್ಪಿಸದೆ ನೋಡಿದ್ದ ಅವನು ಆ ಒಂದು ಕಂತನ್ನು ಮಾತ್ರ ನೋಡಿರಲಿಲ್ಲ.

ನೋಡುವುದಿಲ್ಲವೆಂದು ಅಕ್ಕನಿಗೆ ಮಾತು ಕೊಟ್ಟಿದ್ದ. ಪರದೆ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಸಂಸಾರ ಸಾಗಿಸಿದ ಅಕ್ಕನ ಬಲಗಣ್ಣಿಗೆ ಪೊರೆ ಬಂದು, ಸೂಜಿಗೆ ನೂಲು ಪೋಣಿಸುವುದೂ ಕಷ್ಟವಾಗಿತ್ತು. ಕಣ್ಣಾಸ್ಪತ್ರೆಯವರು ಕೊಟ್ಟ ದಿನಾಂಕವೂ ಕೊನೆಯ ಕಂತಿನ ದಿನಾಂಕವೂ ಒಂದೇ ಆಯಿತು. ಅಕ್ಕ ಶಸ್ತ್ರಚಿಕಿತ್ಸೆಯನ್ನೇ ಮುಂದೂಡಲು ಹೊರಟಿದ್ದಳು. ಭಾವ ಎಗರಾಡಿದ್ದರು. ಕೊನೆಗೆ ತಮ್ಮನೇ ರಾಜಿ ಮಾಡಿಸಿದ: “ನೀನು ನೋಡೋವರೆಗೂ ನಾನೂ ನೋಡಲ್ಲ. ಪಟ್ಟಿ ಬಿಚ್ಚಿದ ದಿನ ಸಂಜೆ ಇಬ್ರೂ ಒಟ್ಟಿಗೆ ಕೂತು ನೋಡೋಣ. ಅಲ್ಲೀವರೆಗೆ ಇಬ್ಬರಿಗೂ ಏನೂ ಗೊತ್ತಿರಬಾರದು.”

ಮಾತು ಕೊಡುವಾಗ ಅದು ಸುಲಭವೆನ್ನಿಸಿತ್ತು. ಬೆಳಗ್ಗೆ ಎದ್ದಾಗ ಹೆಂಡತಿ ಅವನ ಮುಖ ನೋಡಿ ನಕ್ಕಳು. ಆ ನಗುವಿನಿಂದಲೇ ಏನಾದರೂ ತಿಳಿದುಬಿಟ್ಟೀತೆಂದು ಹೆದರಿ, ತಿಂಡಿ ಬಿಟ್ಟು ಮನೆಯಿಂದ ಹೊರಬಿದ್ದಿದ್ದ.

ಧಾರಾವಾಹಿಯ ಕಥೆ ಇಷ್ಟು. ಹನ್ನೆರಡು ಮಹಡಿಯ ಒಂದು ವಸತಿ ಕಟ್ಟಡ. ಅದರ ಸಂಘದ ಕಾರ್ಯದರ್ಶಿ ಒಂದು ಬೆಳಗ್ಗೆ ಕಾಣೆಯಾಗುತ್ತಾನೆ. ತಾರಸಿಯಲ್ಲಿ ಅವನ ಒಂದು ಚಪ್ಪಲಿ, ಗೋಡೆಯ ಮೇಲೊಂದು ಕೆಂಪು ಕಲೆ. ಲಿಫ್ಟಿನ ಬಾಗಿಲಿಗೆ ‘ಲಿಫ್ಟ್ ಕೆಟ್ಟಿದೆ’ ಎಂಬ ಬೋರ್ಡು. ಆದ್ದರಿಂದ ತನಿಖೆಗೆ ಬಂದ ಇನ್ಸ್‌ಪೆಕ್ಟರು ಪ್ರತಿ ಕಂತಿನಲ್ಲೂ ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಾನೆ. ವಾರಕ್ಕೊಂದು ಕಂತಿನಂತೆ ಆರು ವರ್ಷ ಓಡಿದರೂ ಕಥೆಯೊಳಗೆ ಕಳೆದದ್ದು ಮೂರೇ ದಿನ. ಒಂದು ಮಹಡಿಯ ಮೆಟ್ಟಿಲು ಹತ್ತುವುದಕ್ಕೇ ಎರಡು ಕಂತು ಹಿಡಿದ ಉದಾಹರಣೆ ಇತ್ತು.

ಅಭಿಮಾನಿಗಳು ಫೋನಿನಲ್ಲಿ ಕಟ್ಟಿಕೊಂಡ ಗುಂಪಿನ ಹೆಸರು ‘ಮೆಟ್ಟಿಲಲ್ಲಿ ಬನ್ನಿ’. ಅದರಲ್ಲಿ ಎರಡು ಪಕ್ಷ. ಏಳನೇ ಮಹಡಿಯಲ್ಲಿ ಹಗಲೂ ರಾತ್ರಿ ಪಿಟೀಲು ಕುಯ್ಯುವ ಮೇಷ್ಟ್ರೇ ಕೊಲೆಗಾರ ಎನ್ನುವುದು ಪಿಟೀಲು ಪಕ್ಷ. ಅಕ್ಕ ಅದರ ಮುಂದಾಳು, ಗುಂಪಿನಲ್ಲಿ ಅವಳ ಹೆಸರು ‘ನೂಲು’. ಆರು ವರ್ಷದಿಂದ ಫೋನಿನಲ್ಲಿ “ಈಗ ಹೊರಟೆ, ದಾರೀಲಿದೀನಿ” ಎನ್ನುತ್ತ ಒಮ್ಮೆಯೂ ಮುಖ ತೋರಿಸದ ಲಿಫ್ಟ್ ಮೆಕ್ಯಾನಿಕ್ಕೇ ಕೊಲೆಗಾರ ಎನ್ನುವುದು ಎರಡನೇ ಪಕ್ಷ. ಅದರ ಮುಂದಾಳು ಸಲೂನಿನವನು, ಅಂದರೆ ‘ಕತ್ತರಿ’. ಪಾತ್ರಗಳನ್ನು ಎಷ್ಟು ಬೇಕಾದರೂ ಬೈಯಬಹುದು, ಸದಸ್ಯರನ್ನು ಬೈಯುವಂತಿಲ್ಲ. ಯಾರಿಗಾದರೂ ಸಿಟ್ಟು ನೆತ್ತಿಗೇರಿದರೆ ಅಡ್ಮಿನ್ ಒಂದೇ ಪದ ಬರೆಯುತ್ತಿದ್ದರು: “ಮೆಟ್ಟಿಲು.” ಹಾಗೆ ಬರೆಸಿಕೊಂಡವರು ಎದ್ದು ಹೋಗಿ, ಎಲ್ಲಾದರೂ ನಾಲ್ಕು ಮಹಡಿ ಹತ್ತಿ, ಮೇಲಿನ ಮೆಟ್ಟಿಲಿನ ಫೋಟೊ ಕಳಿಸಿದ ಮೇಲೆಯೇ ಮತ್ತೆ ವಾದಕ್ಕೆ ಇಳಿಯಬೇಕು. ಪಿಟೀಲಿಗೆ ಮೂರೇ ತಂತಿ ಇದ್ದದ್ದು ಸುಳಿವೋ, ಚಿತ್ರೀಕರಣದವರ ಅಜಾಗರೂಕತೆಯೋ ಎಂಬ ಚರ್ಚೆಯಲ್ಲಿ ಅಕ್ಕ ತಮ್ಮ ಇಬ್ಬರೂ ಒಂದೇ ಸಂಜೆ ಮೆಟ್ಟಿಲು ಹತ್ತಿದ್ದರು.

ಇಂಥ ಗುಂಪಿನ ಅರ್ಧದಷ್ಟು ಜನ ಅದೇ ಬೀದಿಯವರು. ಗಂಡಸರೆಲ್ಲ ಅದೇ ಸಲೂನಿನ ಗಿರಾಕಿಗಳು. ಅಂದು ಭಾನುವಾರ ಬೇರೆ. ಅಂಗಡಿ ಮುಚ್ಚಿದರೆ ವಾರದ ದುಡಿಮೆ ಹೋಗುತ್ತದೆ. ತೆರೆದರೆ ಕಿವಿ ಮುಚ್ಚಿಕೊಳ್ಳುವಂತಿಲ್ಲ. ಅವನು ಒಂದು ರಟ್ಟಿನ ಮೇಲೆ ‘ಇಲ್ಲಿ ಲಿಫ್ಟಿನ ವಿಷಯ ಮಾತಾಡಬಾರದು’ ಎಂದು ಬರೆದು ಕನ್ನಡಿಗೆ ಅಂಟಿಸಿದ.

ಮೊದಲ ಗಿರಾಕಿ ಜಿಮ್ ಮಾಸ್ಟರು. ಕುರ್ಚಿಯಲ್ಲಿ ಕೂತು ರಟ್ಟು ಓದಿದರು.

“ಯಾಕ್ರೀ ಮಾತಾಡಬಾರದು? ನೀವಿನ್ನೂ ನೋಡಿಲ್ವಾ? ಅಯ್ಯೋ, ಆ ಕೊನೇ ಸೀನು...”

“ಶೇವಿಂಗ್ ಮಾಡ್ತೀನಿ ಸಾರ್.”

“ಶೇವಿಂಗ್ ಬೇಡ, ಕಟಿಂಗ್ ಸಾಕು. ಆ ಸೀನಲ್ಲಿ ಏನಾಗುತ್ತೆ ಅಂದ್ರೆ...”

ನೊರೆ ಬಳಿದ ಬ್ರಷ್ಷು ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ, ಬಾಯಿಯ ಮೇಲಿನಿಂದಲೇ, ಎರಡು ಸಲ ಓಡಾಡಿತು. ಮಾಸ್ಟರಿಗೆ ತಾವು ಬಹುಕಾಲದಿಂದ ಎಣ್ಣೆ ಹಚ್ಚಿ ಬೆಳೆಸಿದ್ದ ಗಡ್ಡ ನೆನಪಾಗಿ ಕಣ್ಣು ಅಗಲವಾದವು. ಕೈಯಾಡಿಸಿ ಬೇಡ ಬೇಡವೆಂದರು.

“ಗಡ್ಡಕ್ಕೆ ಕೈ ಹಚ್ಚಲ್ಲ ಸಾರ್. ಕಟಿಂಗ್ ಮುಗಿಯೋವರೆಗೆ ನೊರೆ ಹಾಗೇ ಇರ್ಲಿ. ಬಾಯಿ ತೆರೆದ್ರೆ ಸೋಪು ಒಳಗೆ ಹೋಗುತ್ತೆ, ಅಷ್ಟೆ.”

ಮಾಸ್ಟರು ಉಸಿರು ಬಿಗಿಹಿಡಿದು ಕೂತರು. ಎದ್ದು ಹೋಗುವಾಗ ಮುಖ ಒರೆಸಿಕೊಂಡು, “ನಿಮ್ಮದು ಅತಿಯಾಯ್ತು” ಎಂದರೇ ಹೊರತು ಬೇರೇನೂ ಹೇಳಲಿಲ್ಲ. ಉಪಾಯ ಫಲಿಸಿತೆಂದು ಸಲೂನಿನವನು ಬಟ್ಟಲಿನಲ್ಲಿ ಇನ್ನಷ್ಟು ನೊರೆ ಎಬ್ಬಿಸಿಕೊಂಡ.

ಆದರೆ ಅಂಗಡಿಗೆ ಬರುವವರೆಲ್ಲ ಕುರ್ಚಿಯಲ್ಲಿ ಕೂರುವುದಿಲ್ಲ. ಕೊರಿಯರಿನವನು ಬ್ಲೇಡಿನ ಪೊಟ್ಟಣ ತಂದು, ಸಹಿ ಹಾಕಿಸಿಕೊಂಡು, ಹೊಸ್ತಿಲು ದಾಟುವಾಗ ತಿರುಗಿ ಹೇಳಿದ: “ಅಣ್ಣಾ, ಕೊನೆಗೂ ಪಿಟೀಲು ಮೇಷ್ಟ್ರೇ ಆದ್ರಲ್ಲ. ನಿಮ್ಮಕ್ಕ ಗೆದ್ರು ಬಿಡಿ.” ಸ್ಕೂಟರ್ ಸದ್ದು ಮಾಡಿಕೊಂಡು ಹೋಯಿತು.

ಸಲೂನಿನವನು ತನ್ನದೇ ಗಿರಾಕಿ ಕುರ್ಚಿಯಲ್ಲಿ ಕುಸಿದು ಕೂತ. ತಾನು ಸೋತದ್ದಕ್ಕೆ ಅವನಿಗೆ ಎಳ್ಳಷ್ಟೂ ಬೇಸರವಿರಲಿಲ್ಲ. ಸಂಜೆ ಅಕ್ಕನ ಪಕ್ಕ ಕೂತು, ಏನೂ ಗೊತ್ತಿಲ್ಲದವನ ಹಾಗೆ ನಟಿಸಬೇಕಲ್ಲ ಎಂಬುದು ಸಂಕಟವಾಗಿತ್ತು. ನಟನೆ ಅವನಿಂದಾಗದು. ಚಿಕ್ಕಂದಿನಲ್ಲಿ ಅವನು ಬಚ್ಚಿಟ್ಟ ಬೆಲ್ಲವನ್ನು ಅಕ್ಕ ಅವನ ಮುಖ ನೋಡಿಯೇ ಹುಡುಕುತ್ತಿದ್ದಳು.

ಅಷ್ಟರಲ್ಲಿ ಪಕ್ಕದ ಬೇಕರಿಯವರು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದರು. “ಏನ್ರೀ, ತಲೆ ಮೇಲೆ ಕೈ ಹೊತ್ಕೊಂಡು ಕೂತಿದೀರಿ? ಖುಷಿ ಪಡಿ. ನಿಮ್ಮ ಮೆಕ್ಯಾನಿಕ್ಕೇ ಕೊಲೆಗಾರ.”

“ಮೆಕ್ಯಾನಿಕ್ಕಾ?”

“ಮತ್ತಿನ್ಯಾರು? ಸ್ಪ್ಯಾನರ್ ಸಮೇತ ಸಿಕ್ಕಿಬಿದ್ದ.”

ಬೇಕರಿಯವರ ಹಿಂದೆಯೇ ಬಂದ ಗಣಿತದ ಮೇಷ್ಟ್ರು ಕುರ್ಚಿಯಲ್ಲಿ ಕೂತು, ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಳ್ಳುತ್ತ ನಿಧಾನವಾಗಿ ನುಡಿದರು: “ಇಬ್ಬರೂ ಅಲ್ಲ. ಬೆಕ್ಕು.”

“ಬೆಕ್ಕು ಹೇಗೆ ಸಾರ್ ಕೊಲ್ಲುತ್ತೆ?”

“ತಾರಸಿ ಮೇಲೆ ಅಡ್ಡ ಬಂತು. ಕಾರ್ಯದರ್ಶಿ ಎಡವಿದ. ಕೆಳಗೆ ಬಿದ್ದ. ಅಲ್ಲಿಗೆ ಲೆಕ್ಕ ಮುಗಿಯಿತು.”

“ಕೆಳಗೆ ಬಿದ್ದಿದ್ರೆ ಹೆಣ ಎಲ್ಲಿ?”

ಗಣಿತದ ಮೇಷ್ಟ್ರು ಅದನ್ನು ಯೋಚಿಸಿರಲಿಲ್ಲ. ಕುತ್ತಿಗೆಯ ಬಟ್ಟೆ ಸರಿಮಾಡಿಕೊಂಡು, “ಅದಕ್ಕೆ ಇನ್ನೊಂದು ಬೆಕ್ಕಿದೆ” ಎಂದರು.

ಸಲೂನಿನವನಿಗೆ ಆಗ ಅನುಮಾನ ಬಂತು. ಮೇಷ್ಟ್ರ ತಲೆಯನ್ನು ಅರ್ಧಕ್ಕೆ ಬಿಟ್ಟು, ಕೈಯಲ್ಲಿ ಬಾಚಣಿಗೆ ಹಿಡಿದೇ ಮೇಲಿನ ಮಹಡಿಯ ಹಲ್ಲಿನ ಆಸ್ಪತ್ರೆಗೆ ಹೋದ. ಹಲ್ಲಿನ ಡಾಕ್ಟರಮ್ಮನೇ ಗುಂಪಿನ ಅಡ್ಮಿನ್. ಅವರು ಮುಖಕ್ಕೆ ಮಾಸ್ಕ್ ಹಾಕಿಕೊಂಡು ಒಬ್ಬರ ದವಡೆಗೆ ಹತ್ತಿ ತುರುಕುತ್ತಿದ್ದರು.

“ಡಾಕ್ಟ್ರೇ, ಇದೇನು ನಡೀತಿದೆ? ಒಬ್ಬ ಪಿಟೀಲು ಅಂತಾನೆ, ಒಬ್ಬರು ಮೆಕ್ಯಾನಿಕ್ ಅಂತಾರೆ, ಇನ್ನೊಬ್ಬರು ಎರಡು ಬೆಕ್ಕು ತಂದ್ರು.”

“ಎರಡಾ? ನಾವು ಒಂದೇ ಬೆಕ್ಕು ಮಂಜೂರು ಮಾಡಿದ್ದು.” ಡಾಕ್ಟರಮ್ಮ ಕೈಗವಸು ತೆಗೆದರು. “ನೋಡಿ, ನಿಮ್ಮ ಅಂಗಡಿಗೆ ಇಡೀ ಬೀದಿ ಬರುತ್ತೆ. ಬಾಯಿ ಮುಚ್ಕೊಂಡಿರಿ ಅಂದ್ರೆ ಯಾರೂ ಮುಚ್ಕೊಳಲ್ಲ. ಅದಕ್ಕೇ ನಿನ್ನೆ ರಾತ್ರಿ ಗುಂಪಲ್ಲಿ ನಿರ್ಣಯ ಆಯ್ತು. ಎಲ್ಲರೂ ನಿಮಗೆ ಒಂದೊಂದು ಸುಳ್ಳು ಅಂತ್ಯ ಹೇಳೋದು. ನಿಜ ಯಾರದಾದ್ರೂ ಬಾಯಿ ಜಾರಿ ಬಂದ್ರೂ ನಿಮಗೆ ಗೊತ್ತಾಗಬಾರದು, ಇಷ್ಟು ಸುಳ್ಳಲ್ಲಿ ಯಾವುದು ನಿಜ ಅಂತ.”

“ಕೊರಿಯರಿನವನು ಹೇಳಿದ್ದೂ ಸುಳ್ಳಾ?”

“ಅದನ್ನ ನಾನು ಹೇಳಲ್ಲ. ಹೇಳಿದ್ರೆ ಒಂದು ಕಡಿಮೆ ಆಗುತ್ತಲ್ಲ.”

ಕುರ್ಚಿಯಲ್ಲಿ ಮಲಗಿದ್ದ ರೋಗಿ ಬಾಯಿ ತುಂಬ ಹತ್ತಿ ಇದ್ದರೂ ಏನೋ ಹೇಳಲು ತವಕಿಸಿದರು. ಅವರೂ ಸದಸ್ಯರೇ, ಅವರ ಪಾಲಿನ ಸುಳ್ಳು ಇನ್ನೂ ಬಾಕಿಯಿತ್ತು.

“ನಿಮಗೇ ಅನುಕೂಲ ಡಾಕ್ಟ್ರೇ,” ಎಂದ ಸಲೂನಿನವನು. “ನಾನು ನೊರೆ ಖರ್ಚು ಮಾಡಬೇಕು. ಯಾರ ತಲೆಗೆ ಹೊಳೀತು ಈ ಉಪಾಯ?”

“ಅದೂ ಗುಟ್ಟು.”

ಅವನು ಕೆಳಗಿಳಿದು ಬಂದಾಗ ಮನಸ್ಸು ಹಗುರವಾಗಿತ್ತು. ರಟ್ಟು ಕಿತ್ತು ಬಿಸಾಡಿ, ಗಣಿತದ ಮೇಷ್ಟ್ರ ಉಳಿದರ್ಧ ತಲೆ ಮುಗಿಸಿದ. ಆಮೇಲೆ ಬಂದವರಿಗೆಲ್ಲ ತಾನೇ ಕೇಳಿದ: “ಹೇಳಿ, ನಿಮ್ಮ ಪ್ರಕಾರ ಯಾರು?” ಪ್ರತಿ ಅಂತ್ಯಕ್ಕೂ ಹತ್ತಕ್ಕೆ ಇಷ್ಟು ಎಂದು ಅಂಕ ಕೊಟ್ಟ. ಇನ್ಸ್‌ಪೆಕ್ಟರೇ ಕೊಲೆಗಾರ, ಮೆಟ್ಟಿಲು ಹತ್ತಿ ಹತ್ತಿ ತಲೆ ಕೆಟ್ಟಿತ್ತು ಎಂದ ವಿಮಾ ಏಜೆಂಟರಿಗೆ ಏಳು. ಕಾರ್ಯದರ್ಶಿಗೆ ಅವಳಿ ತಮ್ಮನಿದ್ದ ಎಂದವನಿಗೆ ಮೂರು. ಅವಳಿ ತಮ್ಮಂದಿರು ಹಳಸಲಾಗಿದ್ದಾರೆ ಎಂಬ ಟೀಕೆ ಬೇರೆ. ಪಿಟೀಲೇ ಕೊಲೆಗಾರ, ಮೇಷ್ಟ್ರಲ್ಲ, ಪಿಟೀಲು, ಎಂದ ಔಷಧಿ ಅಂಗಡಿಯವರಿಗೆ ಒಂಬತ್ತು ಕೊಟ್ಟ. ಕಾಯುತ್ತ ಬೆಂಚಿನ ಮೇಲೆ ಕೂತವರು ಅಂಕ ಕಡಿಮೆಯಾಯಿತೆಂದು ಜಗಳಕ್ಕೆ ಬಂದರು. ಮರುಮೌಲ್ಯಮಾಪನಕ್ಕೆ ಒತ್ತಾಯವಾಯಿತು. ಕ್ಷೌರಕ್ಕೇ ಬಾರದವರೂ ಬಂದು ಕೂತರು.

ಮಧ್ಯಾಹ್ನ ಅಂಗಡಿ ಖಾಲಿಯಾದ ಹೊತ್ತಿನಲ್ಲಿ ಸೂಟ್‌ಕೇಸ್ ಹಿಡಿದ ಒಬ್ಬರು ಬಂದರು. ಬೀದಿಗೆ ಹೊಸಬರು, ರೈಲಿಗೆ ಇನ್ನೂ ಸಮಯವಿದೆ, ಶೇವಿಂಗ್ ಆಗಲಿ ಎಂದರು. ಕೆನ್ನೆಗೆ ನೊರೆ ಹಚ್ಚುವಾಗ ಸಲೂನಿನವನು ಅಭ್ಯಾಸಬಲದಿಂದ ಕೇಳಿದ: “‘ಲಿಫ್ಟ್ ಕೆಟ್ಟಿದೆ’ ನೋಡಿದ್ರಾ ಸಾರ್?”

“ಹೋಟೆಲ್ ರೂಮಲ್ಲಿ ಬೇರೆ ಏನೂ ಇರ್ಲಿಲ್ಲ, ಅದನ್ನೇ ನೋಡಿದೆ. ಕೊನೆಗೆ ಲಿಫ್ಟಿನ ಬಾಗಿಲು ತೆಗೆದ್ರೆ ಆ ಕಾರ್ಯದರ್ಶಿ ಒಳಗೇ ಇದ್ದಾನೆ. ಜೀವಂತ. ಮೂರು ದಿನದಿಂದ ಸಿಕ್ಕಿಹಾಕ್ಕೊಂಡಿದ್ನಂತೆ.”

ಸಲೂನಿನವನು ಬ್ರಷ್ಷು ಹಿಡಿದೇ ನಕ್ಕ. “ಎರಡು.”

“ಏನೆರಡು?”

“ಹತ್ತಕ್ಕೆ ಎರಡು ಸಾರ್. ಬೇಜಾರು ಮಾಡ್ಕೋಬೇಡಿ. ಆರು ವರ್ಷ ಇಡೀ ಊರು ಕೊಲೆ ಕೊಲೆ ಅಂತ ಬಡ್ಕೊಂಡಿದೆ, ಕೊಲೆನೇ ಆಗಿಲ್ಲ ಅಂದ್ರೆ ಯಾರು ಒಪ್ತಾರೆ? ಚೂರು ತಲೆ ಓಡಿಸಿದ್ರೆ ಇದಕ್ಕಿಂತ ಒಳ್ಳೇದು ಹೊಳೀತಿತ್ತು.”

ಹೊಸಬರು ಕನ್ನಡಿಯೊಳಗಿಂದ ಅವನನ್ನೇ ನೋಡಿದರು. ಗಂಟಲ ಬಳಿ ರೇಜರ್ ಇದ್ದುದರಿಂದ ವಾದಕ್ಕೆ ಹೋಗಲಿಲ್ಲ.

ನಾಲ್ಕು ಗಂಟೆಗೆ ಭಾವ ಬಂದರು. ಧಾರಾವಾಹಿಯ ಗಂಧಗಾಳಿ ಇಲ್ಲದ ಮನುಷ್ಯ. ಆರು ವರ್ಷವೂ ಶೀರ್ಷಿಕೆ ಸಂಗೀತ ಮುಗಿಯುವ ಮೊದಲೇ ಗೊರಕೆ ಹೊಡೆದವರು.

“ಪಟ್ಟಿ ಬಿಚ್ಚಿದ್ರು ಕಣಯ್ಯಾ. ಮನೆಗೆ ಕರ್ಕೊಂಡು ಬಂದೆ. ಕ್ಯಾಲೆಂಡರಿನ ಸಣ್ಣ ಅಕ್ಷರ ಎಲ್ಲ ಓದಿ ಓದಿ ಹೇಳ್ತಾಳೆ. ಟೀವಿ ದೂರದಿಂದ ಒಂದು ಗಂಟೆ ನೋಡಬಹುದಂತೆ, ಫೋನು ಮಾತ್ರ ವಾರದವರೆಗೆ ಮುಟ್ಟಬಾರದಂತೆ. ಬೇಗ ಬಾ, ನಿನಗೋಸ್ಕರ ಕಾಯ್ತಾ ಇದಾಳೆ.”

“ಅವಳಿಗೆ ಯಾರೂ ಏನೂ ಹೇಳಿಲ್ಲ ತಾನೇ ಭಾವ?”

“ಹೇಳೋದೇನು ಬಂತು? ನಿನ್ನೆ ವಾರ್ಡಲ್ಲಿ ಟೀವಿ ಹಾಕಿದ್ರಲ್ಲ. ಬಿ.ಪಿ. ಜಾಸ್ತಿ ಅಂತ ರಾತ್ರಿ ಅಲ್ಲೇ ಉಳಿಸ್ಕೊಂಡಿದ್ರು. ಪೂರ್ತಿ ಕೇಳಿಸ್ಕೊಂಡ್ಲು, ಮಿಸುಕಾಡದೆ.”

“ಪೂರ್ತಿ?”

“ನಾನು ನಿದ್ದೆ ಹೋಗೋವರೆಗಂತೂ ಕೇಳ್ತಿದ್ಲು.”

ಅವನು ಬಟ್ಟಲು ತೊಳೆದು, ಕತ್ತರಿ ಒರೆಸಿ, ಷಟರ್ ಎಳೆದ. ದಾರಿಯುದ್ದಕ್ಕೂ ಭಾವನಿಗಿಂತ ಹತ್ತು ಹೆಜ್ಜೆ ಮುಂದೆ ನಡೆದ. ಬೆಳಗ್ಗಿನಿಂದ ನೊರೆಯ ಮೇಲೆ ನೊರೆ ಬಳಿದು, ಹೊಟ್ಟೆಗೆ ತಿಂಡಿಯಿಲ್ಲದೆ, ಬೀದಿಯವರ ಬಾಯಲ್ಲಿ ನಗೆಪಾಟಲಾಗಿ ತಾನು ಮಾತು ಉಳಿಸಿಕೊಂಡಿದ್ದ. ಅಕ್ಕ ಆಸ್ಪತ್ರೆಯ ಮಂಚದ ಮೇಲೆ ಹಾಯಾಗಿ ಮಲಗಿ ಎಲ್ಲ ಕೇಳಿಸಿಕೊಂಡಿದ್ದಳು. ಈಗ ತನ್ನ ಪಕ್ಕದಲ್ಲಿ ಕೂತು ಅಚ್ಚರಿಯ ನಾಟಕವಾಡುತ್ತಾಳೆ.

ಅಕ್ಕನ ಮನೆ ನಾಲ್ಕನೇ ಮಹಡಿಯಲ್ಲಿ. ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು, ಟೀವಿಗೆ ದೂರವಾಗಿ ಗೋಡೆಗೆ ಒತ್ತರಿಸಿದ ಸೋಫಾದಲ್ಲಿ ಕೂತಿದ್ದಳು.

“ಬಂದ್ಯಾ? ನಿನ್ನ ಅಂಗಿ ಗುಂಡಿ ಒಂದು ಬೇರೆ ಬಣ್ಣದ್ದು ಕಣೋ. ಇಷ್ಟು ದಿನ ನನಗೆ ಕಂಡೇ ಇರ್ಲಿಲ್ಲ ನೋಡು.”

“ಗುಂಡಿ ಇರ್ಲಿ. ನಿನ್ನೆ ನೋಡಿಬಿಟ್ಯಂತಲ್ಲ.”

ಅಕ್ಕ ಒಂದು ಗಳಿಗೆ ಭಾವನತ್ತ ಕಪ್ಪು ಕನ್ನಡಕ ತಿರುಗಿಸಿದಳು. ಭಾವ ಅಡುಗೆಮನೆಗೆ ನಡೆದರು.

“ನೋಡಲಿಲ್ಲ. ಕೇಳಿಸ್ತು.”

“ಎರಡೂ ಒಂದೇ.”

“ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣು ಮುಚ್ಕೊಂಡಿರಿ ಅಂತ ಅಪ್ಪಣೆ. ಪಕ್ಕದ ಮಂಚದವರು ಸೌಂಡು ಜೋರಾಗಿ ಇಟ್ಟಿದ್ರು. ಏನು ಮಾಡಬೇಕಿತ್ತು? ಕಿವಿಗೂ ಪಟ್ಟಿ ಹಾಕಿ ಅಂತ ಡಾಕ್ಟ್ರನ್ನ ಕೇಳಬೇಕಿತ್ತಾ?”

“ಹಾಡು ಹೇಳ್ಕೋಬಹುದಿತ್ತು. ಮಂತ್ರ ಹೇಳ್ಕೋಬಹುದಿತ್ತು. ನಾನು ಜಿಮ್ ಮಾಸ್ಟರ ಬಾಯಿಗೆ ಸೋಪು ಬಳಿದೆ ಗೊತ್ತಾ, ನಿನಗೋಸ್ಕರ!”

“ಮೆಟ್ಟಿಲು,” ಎಂದಳು ಅಕ್ಕ.

“ನಾಲ್ಕು ಮಹಡಿ ಹತ್ತಿಕೊಂಡೇ ಬಂದಿದೀನಿ!”

“ಹಾಗಾದ್ರೆ ಕೂತ್ಕೊಂಡು ಕೇಳು.” ಅಕ್ಕ ದನಿ ತಗ್ಗಿಸಿದಳು. “ಒಂಬತ್ತಕ್ಕೆ ಐದು ನಿಮಿಷ ಇರುವಾಗ ಲಿಫ್ಟು ಟಿಂಗ್ ಅಂತು. ಆರು ವರ್ಷದಲ್ಲಿ ಮೊದಲ ಸಲ. ವಾರ್ಡಿನವರೆಲ್ಲ ಹಾ ಅಂದ್ರು. ಬಾಗಿಲು ಸರಿದ ಸದ್ದು ಬಂತು. ಅಷ್ಟೇ ಹೊತ್ತಿಗೆ ನರ್ಸ್ ಬಂದು, ರೋಗಿಗಳು ಮಲಗೋ ಹೊತ್ತು ಅಂತ ಟೀವಿ ಆರಿಸಿಬಿಟ್ಲು.”

“ಯಾರು ಬಂದ್ರು ಲಿಫ್ಟಿಂದ?”

“ಅದೇ ಗೊತ್ತಿಲ್ಲ! ಪಕ್ಕದವರು ಹೇಳೋಕೆ ಬಾಯಿ ತೆಗೆದ್ರು, ಅಮ್ಮಾ ದಮ್ಮಯ್ಯ ಬೇಡ ಅಂದೆ. ರಾತ್ರಿಯಿಡೀ ಆ ಟಿಂಗ್ ತಲೇಲಿ ಹೊಡ್ಕೊಳ್ತಾನೇ ಇತ್ತು. ಬಿ.ಪಿ. ಇನ್ನೂ ಏರ್ತು. ಅರ್ಧ ಕೇಳಿದ ನಂಗೇ ಹೀಗಾದ್ರೆ, ಬೀದಿಯವರ ಮಧ್ಯೆ ನಿಂತ್ಕೊಂಡು ಕೆಲಸ ಮಾಡೋ ನಿನ್ನ ಗತಿ ಏನು ಅಂತ ಆಗ್ಲೇ ಪಕ್ಕದವರ ಕೈಲಿ ಫೋನು ಒತ್ತಿಸಿ ನಮ್ಮ ಹಲ್ಲಿನ ಡಾಕ್ಟರಮ್ಮಂಗೆ ವಾಯ್ಸ್ ಮೆಸೇಜ್ ಕಳಿಸ್ದೆ. ನನ್ನ ತಮ್ಮನ್ನ ಕಾಪಾಡಿ, ಸುಳ್ಳು ತುಂಬಿಸಿ ಅಂತ.”

ಸಲೂನಿನವನ ಸಿಟ್ಟು ನಿಂತ ನಿಲುವಿನಲ್ಲೇ ಇಳಿದುಹೋಯಿತು. ಸುಳ್ಳುಗಳ ಉಪಾಯ ಅಕ್ಕನದೆಂದು ಅವನಿಗೆ ಹೊಳೆದೇ ಇರಲಿಲ್ಲ. “ಸುಳ್ಳು ಚೆನ್ನಾಗೇ ತುಂಬಿಸಿದ್ರು” ಎಂದಷ್ಟೇ ಹೇಳಿ ಸೋಫಾದ ತುದಿಯಲ್ಲಿ ಕೂತ. ಭಾವ ಅಡುಗೆಮನೆಯಿಂದ ಇಣುಕಿ, ಯುದ್ಧ ಮುಗಿದಿದೆಯೆಂದು ಖಚಿತಪಡಿಸಿಕೊಂಡು, ತಟ್ಟೆಯಲ್ಲಿ ಬ್ರೆಡ್ಡು ತಂದಿಟ್ಟರು. ರೆಕಾರ್ಡ್ ಮಾಡಿಟ್ಟಿದ್ದ ಕಂತಿನ ಶೀರ್ಷಿಕೆ ಸಂಗೀತ ಶುರುವಾಯಿತು. ಭಾವ ನಿದ್ದೆ ಹೋದರು.

ಐವತ್ತೈದು ನಿಮಿಷ ಅಕ್ಕ ತಮ್ಮ ಉಸಿರೆತ್ತಲಿಲ್ಲ. ಇನ್ಸ್‌ಪೆಕ್ಟರು ಹನ್ನೆರಡನೇ ಮಹಡಿ ಮುಟ್ಟಿದ. ಏಳನೇ ಮಹಡಿಯ ಪಿಟೀಲಿನ ಮತ್ತೊಂದು ತಂತಿ ಕಿತ್ತುಹೋಗಿ, ಕಟ್ಟಡದಲ್ಲಿ ಮೊದಲ ಬಾರಿಗೆ ಮೌನ ಕವಿಯಿತು. ಆ ಮೌನದಲ್ಲಿ ಎಲ್ಲಿಂದಲೋ ಒಂದು ಕ್ಷೀಣ ಕೂಗು. ಕೆಳಗೆ ಮೋಟರ್‌ಬೈಕ್ ನಿಂತ ಸದ್ದು. ಟೂಲ್‌ಬಾಕ್ಸ್ ಹಿಡಿದ ಒಬ್ಬ ಕುಳ್ಳ ಮನುಷ್ಯ ಬಂದು, “ಟ್ರಾಫಿಕ್ಕು ಸಾರ್” ಎಂದ. ಮೆಕ್ಯಾನಿಕ್. ಅವನು ಲಿಫ್ಟಿನ ತಂತಿ ಜೋಡಿಸಿದ. ಟಿಂಗ್ ಎಂದಿತು.

ಅಕ್ಕ ತಮ್ಮನ ಮುಂಗೈ ಹಿಡಿದಳು. ಬಾಗಿಲು ಸರಿಯಿತು. ಒಂದೇ ಚಪ್ಪಲಿ ಹಾಕಿಕೊಂಡ ಕಾರ್ಯದರ್ಶಿ ಕೆದರಿದ ತಲೆಯಲ್ಲಿ ಹೊರಗೆ ಬಂದು, “ಯಾವನ್ರೀ ಒಳಗೆ ಜನ ಇದಾರಾ ಅಂತ ನೋಡದೆ ಬೋರ್ಡು ಹಾಕಿದ್ದು?” ಎಂದು ಗುಡುಗಿದ.

“ಅಯ್ಯಯ್ಯೋ!” ಅಕ್ಕ ಸೋಫಾದಿಂದ ಎದ್ದೇಬಿಟ್ಟಳು. “ಸತ್ತೇ ಇಲ್ಲ! ಬದುಕಿದಾನೆ ಕಣೋ! ನೋಡೋ!”

ತಮ್ಮ ಮಿಸುಕಲಿಲ್ಲ. ಅವನ ಕಣ್ಣ ಮುಂದೆ ಸೂಟ್‌ಕೇಸಿನವರ ನೊರೆ ಹಚ್ಚಿದ ಕೆನ್ನೆ ಬಂದಿತ್ತು. ಅಕ್ಕ ಕಪ್ಪು ಕನ್ನಡಕ ಹಣೆಗೇರಿಸಿ, ಹೊಸ ಕಣ್ಣಿನಿಂದ ಅವನ ಮುಖವನ್ನೇ ದಿಟ್ಟಿಸಿದಳು.

“ನಿಂಗೆ ಗೊತ್ತಿತ್ತು.”

“ಗೊತ್ತಿತ್ತು ಅಂತಲ್ಲ ಅಕ್ಕಾ... ಯಾರೋ ಹೇಳಿದ್ರು.”

“ಅರ್ಧ ಕೇಳಿದ್ದಕ್ಕೆ ನನ್ನ ಮೇಲೆ ಹಾರಾಡ್ದೆ. ಪೂರ್ತಿ ಇಟ್ಕೊಂಡು ಕೂತಿದ್ಯಾ?”

“ನಾನು ನಂಬಲಿಲ್ಲ! ಹತ್ತಕ್ಕೆ ಎರಡು ಕೊಟ್ಟು ಕಳಿಸ್ದೆ!”

ಅಕ್ಕ ನಗತೊಡಗಿದಳು. ಕಣ್ಣಿಗೆ ನೀರು ಬರಬಾರದೆಂದು ಡಾಕ್ಟರು ಹೇಳಿದ್ದಾರೆಂದು ನೆನಪಾಗಿ ನಿಲ್ಲಿಸಲು ನೋಡಿದಳು, ಆಗಲಿಲ್ಲ. ಭಾವ ಎಚ್ಚೆತ್ತು, “ಯಾರು ಕೊಂದದ್ದು?” ಎಂದು ಕೇಳಿದರು.

“ಪಿಟೀಲು ಕುಯ್ದು ಕುಯ್ದು ಅವನ ಕೂಗು ಕೇಳದ ಹಾಗೆ ಮಾಡಿದ್ದು ಮೇಷ್ಟ್ರು. ಆರು ವರ್ಷದಿಂದ ನಾನು ಹೇಳಿದ್ದು ಅದನ್ನೇ,” ಎಂದಳು ಅಕ್ಕ.

“ಸಮಯಕ್ಕೆ ಬರದೆ ಸಿಕ್ಕಿಸಿದ್ದು ಮೆಕ್ಯಾನಿಕ್. ಆರು ವರ್ಷದಿಂದ ನಾನು ಹೇಳಿದ್ದೂ ಅದನ್ನೇ!”

ಗೋಡೆಯ ಕೆಂಪು ಕಲೆ ಯಾವುದೆಂದು ಧಾರಾವಾಹಿ ಹೇಳದೆಯೇ ಮುಗಿದಿತ್ತು. ಆ ವಾದ ಊಟದವರೆಗೆ ನಡೆಯಿತು.

ಮರುದಿನ ಗುಂಪಿನಲ್ಲಿ ಹೊಸ ಚರ್ಚೆ ಶುರುವಾಯಿತು: ಕೇಳಿಸಿಕೊಂಡು ನಂಬದಿದ್ದವನಿಗೆ ಅಂತ್ಯ ಮೊದಲೇ ತಿಳಿದಿತ್ತು ಎನ್ನಬಹುದೇ? ಗಣಿತದ ಮೇಷ್ಟ್ರು, ಬೇಕರಿಯವರು, ಇನ್ನೂ ಆರು ಮಂದಿ ಮೆಟ್ಟಿಲು ಹತ್ತಿ ಫೋಟೊ ಕಳಿಸಬೇಕಾಯಿತು. ಅಡ್ಮಿನ್ ಮತಕ್ಕೆ ಹಾಕಿದಾಗ ಎರಡೂ ಕಡೆ ಸಮ ಬಂತು. ಅಕ್ಕನ, ಅಂದರೆ ‘ನೂಲಿನ’ ಮತ ಬಾಕಿಯಿತ್ತು. ಫೋನು ಮುಟ್ಟಲು ಅವಳಿಗೆ ಇನ್ನೂ ಆರು ದಿನ ಅಪ್ಪಣೆ ಇರಲಿಲ್ಲ.